ಇಪ್ಪತ್ತರಲ್ಲಿ ಹತ್ತೊಂಬತ್ತು

೨೦೦೭ರ ಮೇ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮೂರು ತಾಲ್ಲೂಕಿನ ಆಲೂಗಡ್ಡೆ ಬೆಳೆಗಾರರು ಒಟ್ಟಿಗೆ ಹಂಸಳನ್ನು ಬೈದರು. ಅವಳ ಹೆಸರು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. "ಯಾವೋನ್ಲಾ ಈ ಕಂಪ್ಯೂಟ್ರು ಮಾಡ್ದೋನು, ಕರ್ಕಂಬನ್ನಿ ಅವನ್ನ" ಎಂದು ಚನ್ನರಾಯಪಟ್ಟಣದ ಕೌಂಟರಿನ ಮುಂದೆ ಯಾರೋ ಕೂಗಿದ್ದು ಫೋನಿನಲ್ಲಿ ಅವಳಿಗೇ ಕೇಳಿಸಿತು. ಮಾಡಿದವಳು ಹಾಸನದ ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿಯ ಮೇಲೆ, ಎರಡು ಕೋಣೆಯ ಕಂಪನಿಯಲ್ಲಿ, ಫ್ಯಾನಿನ ಕೆಳಗೆ ಕೂತು ಹಲ್ಲು ಕಡಿಯುತ್ತಿದ್ದಳು.

ಹಂಸಳಿಗೆ ಇಪ್ಪತ್ತಾರು ವರ್ಷ. ಹೊಳೆನರಸೀಪುರದ ದೇವಸ್ಥಾನದ ಬೀದಿಯವಳು. ತಂದೆ ತಿರುನಾರಾಯಣ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಲೆಕ್ಕ ತಪ್ಪಿದ ಹುಡುಗರ ಮೇಲೆ ಅವರು ಹರಿಹಾಯುವುದನ್ನು ನೋಡುತ್ತಲೇ ಮಗಳು ಬೆಳೆದಳು. ಅವರಿಂದ ಅವಳಿಗೆ ಲೆಕ್ಕವೂ ಬಂದಿತ್ತು, ಮೂಗಿನ ತುದಿಯ ಸಿಟ್ಟೂ ಬಂದಿತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಜೊತೆಯಲ್ಲಿ ಕೆಲಸ ಮಾಡುವವರು ನಕ್ಕು ಸುಮ್ಮನಾಗುತ್ತಿದ್ದರು.

ಬೆಳೆಗಾರರ ಸಂಘವೊಂದು ಆ ವರ್ಷ ಬಿತ್ತನೆ ಗೆಡ್ಡೆ ಹಂಚುವುದಕ್ಕೆ ಕಂಪ್ಯೂಟರ್ ಟೋಕನ್ ತಂದಿತ್ತು. ಪಂಜಾಬಿನಿಂದ ಲಾರಿಯಲ್ಲಿ ಬಂದ ಮೂಟೆಗಳೆಲ್ಲ ಹಾಸನದ ಗೋಡೌನಿನಲ್ಲಿ. ರೈತ ತನ್ನ ತಾಲ್ಲೂಕಿನ ಕೌಂಟರಿಗೆ ಹೋಗಿ, ಪಹಣಿ ತೋರಿಸಿ, ಟೋಕನ್ ತೆಗೆದುಕೊಳ್ಳಬೇಕು. ನಂಬರು ಎಷ್ಟು ಮುಂದಿದೆಯೋ ಅಷ್ಟು ಬೇಗ ಒಳ್ಳೆಯ ಗೆಡ್ಡೆ. ಹಿಂದೆ ಬಿದ್ದವನಿಗೆ ಅರ್ಧ ಕೊಳೆತ ಮೂಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕು ಕೌಂಟರಿಗೂ ಒಂದೇ ವೆಬ್‌ಸೈಟು, ಒಂದೇ ಡೇಟಾಬೇಸು. ಪೂರ್ತಿ ಬರೆದವಳು ಹಂಸ.

ವೆಬ್‌ಸೈಟು ಡೇಟಾಬೇಸಿನ ಜೊತೆ ಮಾತಾಡಬೇಕಾದರೆ ಒಂದು ಕನೆಕ್ಷನ್ ಬೇಕು. ಪ್ರತಿ ಸಲವೂ ಹೊಸದು ಮಾಡುತ್ತಾ ಕೂತರೆ ತಡವಾಗುತ್ತದೆಂದು ಮೊದಲೇ ಒಂದಷ್ಟು ಮಾಡಿ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಪೂಲ್ ಅನ್ನುತ್ತಾರೆ. ಟೀ ಅಂಗಡಿಯ ಲೋಟಗಳ ಹಾಗೆ: ಕುಡಿದವರು ಕುಡಿದ ಕೂಡಲೇ ಲೋಟ ಕೆಳಗಿಟ್ಟರೆ ಇಪ್ಪತ್ತು ಲೋಟದಲ್ಲಿ ಇನ್ನೂರು ಜನಕ್ಕೆ ಟೀ ಕೊಡಬಹುದು. ಹಂಸ ಇಪ್ಪತ್ತು ಇಟ್ಟಿದ್ದಳು. ನಾಲ್ಕು ಊರಿನದೂ ಸೇರಿ ಇದ್ದದ್ದು ಎಂಟೇ ಕಂಪ್ಯೂಟರು. ಎಂಟಕ್ಕೆ ಇಪ್ಪತ್ತು ಧಾರಾಳ ಎಂದು ಮೀಟಿಂಗಿನಲ್ಲಿ ಎದೆ ತಟ್ಟಿ ಹೇಳಿದ್ದಳು. ಈಗ ಇಪ್ಪತ್ತೂ ಯಾರ ಕೈಯಲ್ಲೋ ಇದ್ದವು, ಕೆಳಗಿಡುವವರೇ ಇರಲಿಲ್ಲ, ಮಿಕ್ಕವರೆಲ್ಲ ಪರದೆ ನೋಡುತ್ತಾ ಕಾಯುತ್ತಿದ್ದರು.

ಕಂಪನಿಯ ಮಾಲೀಕ ಕೇದಾರ್ ಒಳಕೋಣೆಯಿಂದ ಬಂದ. ಇಸ್ತ್ರಿ ಮಾಡಿದ ಷರಟು, ಇಸ್ತ್ರಿ ಮಾಡಿದ ಮಾತು. ಯಾರ ಮೇಲೂ ರೇಗದೆ ಎಲ್ಲರಿಗೂ ಕೋಪ ಬರಿಸುವ ವಿದ್ಯೆ ಅವನಿಗೆ ಒಲಿದಿತ್ತು.

"ಇಪ್ಪತ್ತು ಸಾಲ್ದಿದ್ರೆ ಇನ್ನೂರು ಮಾಡಮ್ಮ ಹಂಸ. ಒಂದು ಸೊನ್ನೆ ಹಾಕಕ್ಕೆ ಏನು ಕಷ್ಟ?"

"ಸೊನ್ನೆ ಹಾಕಿದ್ರೆ ಸರ್ವರ್ ಸತ್ತೋಗತ್ತೆ ಸರ್. ಅದರ ಮೆಮೊರಿ ಇನ್ನೂರು ಕನೆಕ್ಷನ್ ತಡಿಯಲ್ಲ. ಯಾರು ಹಿಡ್ಕೊಂಡು ಕೂತಿದಾರೆ ಅಂತ ಮೊದ್ಲು ನೋಡ್ಬೇಕು."

"ನೋಡು ನೋಡು. ನಿಧಾನಕ್ಕೆ ನೋಡು. ಅಷ್ಟರಲ್ಲಿ ಆ ಜನ ಬಂದು ನನ್ನ ಗಾಜು ಒಡೀಲಿ."

ಮಾರನೆಯ ದಿನ ಅವಳು ಬರುವುದರೊಳಗೆ ಅವನೇ ಸೊನ್ನೆ ಹಾಕಿಬಿಟ್ಟಿದ್ದ. ನಲವತ್ತು ನಿಮಿಷ ಎಲ್ಲ ಸರಾಗವಾಗಿ ನಡೆಯಿತು. ಆ ನಲವತ್ತು ನಿಮಿಷವೂ ಅವನು ಕಾಫಿ ಹೀರುತ್ತಾ ಅವಳ ಕಡೆ ನೋಡಿ ಮುಗುಳ್ನಗುತ್ತಿದ್ದ. ಆಮೇಲೆ ಸರ್ವರು ಮಲಗಿತು. ಸೋಮವಾರದ ಅನುಭವದಿಂದ ಹೆದರಿದ್ದ ಆಪರೇಟರುಗಳು, ಸ್ವಲ್ಪ ತಡವಾದರೂ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದರು. ಒಂದೊಂದು ಒತ್ತಿಗೂ ಒಂದೊಂದು ಹೊಸ ಕನೆಕ್ಷನ್. ನೂರನಲವತ್ತಕ್ಕೆ ಬರುವಷ್ಟರಲ್ಲಿ ಮೆಮೊರಿ ಮುಗಿದಿತ್ತು. ಅದನ್ನು ಎಬ್ಬಿಸಿ, ಸೊನ್ನೆ ತೆಗೆದು, ಮತ್ತೆ ಇಪ್ಪತ್ತಕ್ಕೆ ತರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ಚನ್ನರಾಯಪಟ್ಟಣದಲ್ಲಿ ನಿಜವಾಗಿಯೂ ಗಾಜು ಒಡೆದಿತ್ತು.

ಸಂಘದ ಕಾರ್ಯದರ್ಶಿ ರುದ್ರಯ್ಯ ಫೋನ್ ಮಾಡಿದರು. ಕೇದಾರ್ ನಯವಾಗಿ ರಿಸೀವರನ್ನು ಅವಳ ಕೈಗೆ ದಾಟಿಸಿದ.

"ಏನಮ್ಮ, ಎಂಟು ಕಂಪ್ಯೂಟರು ನೋಡ್ಕೊಳಕ್ಕಾಗದ ಮೇಲೆ ನೀವು ಎಂಥಾ ಇಂಜಿನಿಯರುಗಳಮ್ಮ? ನಾಳೆ ಬೆಳಿಗ್ಗೆ ಒಳಗೆ ತಪ್ಪು ಯಾರದ್ದು ಅಂತ ಬರವಣಿಗೇಲಿ ಬೇಕು ನನಗೆ. ಇಲ್ದಿದ್ರೆ ನಿಮ್ಮ ಕಂಪನಿ ಹೆಸರು ಕಪ್ಪುಪಟ್ಟಿಗೆ."

ಹಂಸಳಿಗೆ ಮೈಯೆಲ್ಲ ಉರಿದುಹೋಯಿತು. ಸೊನ್ನೆ ಹಾಕಿದವನು ಪಕ್ಕದಲ್ಲೇ ಉಗುರು ನೋಡಿಕೊಳ್ಳುತ್ತಾ ನಿಂತಿದ್ದಾನೆ, ಬೈಗುಳ ತನಗೆ! ಆ ಉರಿಯಲ್ಲೇ ಕೂತು ಸೋಮವಾರದ ದಾಖಲೆ ತೆಗೆದಳು. ಯಾವ ಕನೆಕ್ಷನ್ನನ್ನು ಯಾವ ಊರಿನ ಕಂಪ್ಯೂಟರು ಎಷ್ಟು ಹೊತ್ತು ಹಿಡಿದಿತ್ತು ಎನ್ನುವುದೆಲ್ಲ ಅಲ್ಲಿತ್ತು. ಇಪ್ಪತ್ತರಲ್ಲಿ ಹತ್ತೊಂಬತ್ತು ಅರಕಲಗೂಡಿನದು. ಅದೂ ಒಂದೇ ಕಂಪ್ಯೂಟರು. ಆಪರೇಟರ್ ಹೆಸರು ಶಾಂತಕುಮಾರಿ. ಉಳಿದ ಮೂರು ಊರಿನಲ್ಲಿ ಜನ ಬಾಯಿಬಾಯಿ ಬಡಿದುಕೊಳ್ಳುತ್ತಿದ್ದಾಗ ಅರಕಲಗೂಡಿನಲ್ಲಿ ಮಾತ್ರ ಟೋಕನ್ ಒಂದರ ಹಿಂದೊಂದು ಅಚ್ಚಾಗಿ ಬರುತ್ತಿತ್ತು.

ಕಳ್ಳಿ ಸಿಕ್ಕಿಬಿದ್ದಳು ಎಂದು ಹಂಸಳಿಗೆ ಎಂಥಾ ಸಮಾಧಾನವಾಯಿತೆಂದರೆ, ಆ ಸಮಾಧಾನಕ್ಕೆ ಅವಳು ಆಮೇಲೆ ಎಷ್ಟೋ ಸಲ ನಾಚಿಕೊಂಡಳು. ಹಾಳೆಯನ್ನು ಪ್ರಿಂಟು ಹಾಕಿ ಹತ್ತೊಂಬತ್ತು ಸಾಲಿಗೂ ಕೆಂಪು ಗೆರೆ ಎಳೆದಳು. ಕೆಳಗೆ ಬರೆದಳು: "ತಂತ್ರಾಂಶದಲ್ಲಿ ದೋಷವಿಲ್ಲ. ಅರಕಲಗೂಡು ಕೌಂಟರಿನ ಆಪರೇಟರ್ ಉದ್ದೇಶಪೂರ್ವಕವಾಗಿ ಕನೆಕ್ಷನ್‌ಗಳನ್ನು ಹಿಡಿದಿಟ್ಟುಕೊಂಡಿರುವುದು ಕಂಡುಬಂದಿದೆ." ಉದ್ದೇಶಪೂರ್ವಕವಾಗಿ ಎಂಬ ಪದ ದಾಖಲೆಯಲ್ಲಿರಲಿಲ್ಲ. ಅದು ಅವಳ ಸಿಟ್ಟಿನದು. ಕೆಳಗೆ ಸಹಿ ಹಾಕಿ, ಅವಳೇ ಇಳಿದು ಹೋಗಿ ಜೆರಾಕ್ಸ್ ಅಂಗಡಿಯಿಂದ ಫ್ಯಾಕ್ಸ್ ಮಾಡಿ ಬಂದಳು.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಬುಧವಾರ ಬೆಳಿಗ್ಗೆ ಮತ್ತೆ ಅರಕಲಗೂಡಿನದೇ ಹದಿನಾರು ಕನೆಕ್ಷನ್ ಹಿಡಿದಿರುವುದು ಕಂಡಾಗ ಅವಳಿಗೆ ತಡೆಯಲಿಲ್ಲ. ಮುಖಾಮುಖಿ ಹಿಡಿದು ಜಾಡಿಸಿಯೇ ಬರುತ್ತೇನೆಂದು ಅರಕಲಗೂಡಿನ ಬಸ್ಸು ಹತ್ತಿದಳು. ಗೊರೂರು ದಾಟುವವರೆಗೂ ಏನು ಬೈಯಬೇಕೆಂದು ಒಂದೊಂದೇ ವಾಕ್ಯ ಜೋಡಿಸಿಕೊಳ್ಳುತ್ತಿದ್ದಳು.

ಕೌಂಟರು ಬಸ್‌ಸ್ಟ್ಯಾಂಡಿನ ಹತ್ತಿರ, ಸಂಘದ ಹಳೆಯ ಗೋಡೌನಿನ ಜಗಲಿಯ ಮೇಲಿತ್ತು. ಕಟಕಟೆಯ ಹಿಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಕನ್ನಡಕ ಮೂಗಿಗೆ ಇಳಿಸಿಕೊಂಡು ಕೀಲಿಮಣೆ ಕುಟ್ಟುತ್ತಿದ್ದಳು. ಎಸ್ಸೆಸ್ಸೆಲ್ಸಿ, ಕನ್ನಡ ಟೈಪಿಂಗ್ ಸೀನಿಯರ್, ಹನ್ನೊಂದು ವರ್ಷದಿಂದ ಸಂಘದಲ್ಲಿ ದಿನಗೂಲಿ ಕೆಲಸ, ಶಾಂತಕುಮಾರಿ ಅಂದರೆ ಅಷ್ಟೇ. ಹಂಸ ಯಾರನ್ನೂ ಕೇಳದೆ ಒಳಗೆ ನುಗ್ಗಿ ಪರದೆ ನೋಡಿದಳು. ಕೆಳಗಿನ ಪಟ್ಟಿಯಲ್ಲಿ ಹದಿನಾರು ಅರ್ಜಿ ತೆರೆದು ಹಾಗೇ ಬಿಟ್ಟಿದ್ದವು. ಪ್ರತಿಯೊಂದರಲ್ಲೂ ಬರೀ ಒಂದು ಹೆಸರು, ಒಂದು ನಂಬರು.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು. ಬಾಯಿಗೆ ಬಂದದ್ದೇ ಬಂತು.

"ಎಷ್ಟು ಜನದ ಹತ್ರ ತಗೊಂಡಿದೀರಾ? ಒಂದೊಂದು ನಂಬರಿಗೆ ಎಷ್ಟು?"

ಸಾಲಿನಲ್ಲಿ ನಿಂತಿದ್ದ ಅರವತ್ತು ಎಪ್ಪತ್ತು ಜನ ಒಟ್ಟಿಗೆ ತಲೆ ಎತ್ತಿದರು. ಶಾಂತಕುಮಾರಿ ಕನ್ನಡಕ ತೆಗೆದಳು.

"ಯಾರಮ್ಮ ನೀನು?"

"ಈ ಪ್ರೋಗ್ರಾಮ್ ಬರ್ದಿರೋಳು. ಹಾಸನದಿಂದ ಬಂದಿದೀನಿ. ನಿಮ್ಮವರಿಗೆ ನಂಬರು ಹಿಡಿದಿಟ್ಕೊಂಡು ಮೂರು ತಾಲ್ಲೂಕು ನಿಲ್ಲಿಸಿದೀರಲ್ಲ, ನಾಚಿಕೆ ಆಗಲ್ವಾ? ಅಲ್ಲಿ ಜನ ಬಿಸಿಲಲ್ಲಿ ಸಾಯ್ತಿದಾರೆ, ಇಲ್ಲಿ ನೀವು ವ್ಯಾಪಾರಕ್ಕೆ ಕೂತಿದೀರಾ!"

ಅವಳ ದನಿ ಬಸ್‌ಸ್ಟ್ಯಾಂಡಿನವರೆಗೂ ಹೋಯಿತು. ಹೂವಿನವಳು ಮೊಳ ಹಾಕುವುದನ್ನು ಬಿಟ್ಟು ನೋಡಿದಳು. ಶಾಂತಕುಮಾರಿಯ ಮುಖ ಕಪ್ಪಿಟ್ಟಿತು. ಆಮೇಲೆ ಎದ್ದು, ಹಂಸಳ ರಟ್ಟೆ ಹಿಡಿದು, ಜಗಲಿಯ ಅಂಚಿಗೆ ಎಳೆದುಕೊಂಡು ಹೋದಳು.

"ನೋಡು. ಕಣ್ಣಿದ್ರೆ ನೋಡು ಅಲ್ಲಿ."

ಸಾಲಿನಲ್ಲಿ ಜನರ ನಡುನಡುವೆ ಚಪ್ಪಲಿಗಳಿದ್ದವು. ಬರೀ ಚಪ್ಪಲಿ, ಮನುಷ್ಯರಿಲ್ಲ. ಇಬ್ಬರು ನಿಂತಿದ್ದರೆ ಅವರ ಮಧ್ಯೆ ಒಂದು ಜೊತೆ ಹವಾಯಿ. ಮತ್ತೆ ಮೂವರು, ಮತ್ತೆ ಒಂದು ಜೊತೆ ಟೈರಿನ ಮೆಟ್ಟು. ಜನ ಒಂದೊಂದು ಹೆಜ್ಜೆ ಮುಂದೆ ಹೋದಾಗ ಹಿಂದಿನವನು ಕಾಲಿನಿಂದ ಆ ಚಪ್ಪಲಿಯನ್ನೂ ಒಂದು ಹೆಜ್ಜೆ ಮುಂದಕ್ಕೆ ತಳ್ಳುತ್ತಿದ್ದ. ಒಬ್ಬರೂ ಅದನ್ನು ದಾಟುತ್ತಿರಲಿಲ್ಲ.

"ಕೊಣನೂರ್ ಕಡೆಯೋರು ಫಸ್ಟ್ ಬಸ್ಸಿಗೆ ಬತ್ತಾರೆ. ಒಬ್ರುಗೆ ದನಿನಾಸ್ಪತ್ರೆ ಕೆಲ್ಸ, ಒಬ್ರುಗೆ ತಾಲ್ಲೂಕಾಫೀಸು. ಚಪ್ಲಿ ಬಿಟ್ಟು ಓಯ್ತಾರೆ. ಈ ಊರಲ್ಲಿ ಸೀಮೆಎಣ್ಣೆ ಸಾಲಿನ ಕಾಲದಿಂದ್ಲೂ ಇಂಗೇಯ. ಚಪ್ಲಿ ನನ್ ಮುಂದುಕ್ ಬಂದಾಗ ಅದ್ರೋನು ಇಲ್ಲ ಅಂದ್ರೆ ಏನ್ ಮಾಡ್ಲಿ? ಇಂದ್ಲೋನಿಗೆ ಅವನ್ ನಂಬರ್ ಕೊಟ್ಬುಡ್ಲಾ? ಎಸ್ರು ಒಡ್ದು ನಂಬರ್ ಇಡ್ಕಂಡಿರ್ತೀನಿ, ಬಂದ್ಮೇಲೆ ಮಿಕ್ಕಿದ್ದು ತುಂಬ್ತೀನಿ. ತಪ್ಪಾ?"

"ಹಾಗೆ ಹಿಡ್ಕೊಳ್ಳಿ ಅಂತ ನಿಮಗೆ ಯಾರು ಹೇಳಿದ್ರು?"

"ನೀನೇ ಯೋಳಿರೋದು ಕಣಮ್ಮ! ಓದು ಬಾ ಇಲ್ಲಿ."

ಅವಳು ಪರದೆಗೆ ಬೆರಳು ಕುಟ್ಟಿದಳು. ಹೆಸರು ಹೊಡೆದ ಕೂಡಲೇ ಹಸಿರು ಪಟ್ಟಿಯಲ್ಲಿ ಮೂಡುತ್ತಿದ್ದ ಸಾಲು ಅದು: "ಈ ಸಂಖ್ಯೆಯನ್ನು ನಿಮಗಾಗಿ ಕಾದಿರಿಸಲಾಗಿದೆ. ಸಾವಧಾನವಾಗಿ ವಿವರ ತುಂಬಿ." ಹಂಸಳೇ ಬರೆದದ್ದು. ರೈತರಿಗೆ ಮರ್ಯಾದೆಯಾಗಿ ಕಾಣಲಿ ಎಂದು ಎರಡು ಸಲ ತಿದ್ದಿ ಬರೆದದ್ದು.

ಅಷ್ಟು ಹೊತ್ತಿಗೆ ಐವತ್ತು ದಾಟಿದ ಒಬ್ಬರು ಕೈಯಲ್ಲಿ ಔಷಧಿಯ ಬಾಟಲಿ ಹಿಡಿದು ಬರಿಗಾಲಲ್ಲಿ ಓಡುತ್ತಾ ಬಂದರು. ಕಟಕಟೆಯ ಪಕ್ಕಕ್ಕೆ ಸರಿಸಿಟ್ಟಿದ್ದ ಮೆಟ್ಟು ಮೆಟ್ಟಿಕೊಂಡು, "ಕರ ಉಳ್ಕತು ಕಣವ್ವ ಸಾಂತಕ್ಕ. ನಂದು ಓಯ್ತಾ?" ಎಂದರು.

"ಎಲ್ಲೋಯ್ತದೆ ಚನ್ನಪ್ಪಣ್ಣ, ಇಲ್ಲೇ ಅದೆ" ಎಂದು ಶಾಂತಕುಮಾರಿ ಅವರ ಅರ್ಜಿ ತೆರೆದು, ಪಹಣಿ ನೋಡಿ ಮಿಕ್ಕ ವಿವರ ಕುಟ್ಟಿ, ಟೋಕನ್ ಹರಿದು ಕೊಟ್ಟಳು. ಪಟ್ಟಿಯಲ್ಲಿ ಹದಿನಾರು ಇದ್ದದ್ದು ಹದಿನೈದಾಯಿತು. ಚನ್ನಪ್ಪನವರು ಯಾರಿಗೂ ಏನನ್ನೂ ಕೊಡಲಿಲ್ಲ. ಕೈ ಮುಗಿದು ಹೊರಟುಹೋದರು.

ಹಂಸ ಲೆಕ್ಕ ಮಾಡಿದಳು, ಲೆಕ್ಕ ಮಾಡುವುದೊಂದೇ ಅವಳಿಗೆ ಉಳಿದಿದ್ದ ಕೆಲಸ. ಒಂದು ನಂಬರು ಕಾದಿರಿಸಿದರೆ, ಆ ಅರ್ಜಿ ಮುಗಿಯುವವರೆಗೆ ಒಂದು ಕನೆಕ್ಷನ್ ಹಿಡಿದಿರುವಂತೆ ಬರೆದವಳು ತಾನೇ. ಒಬ್ಬರ ಅರ್ಜಿ ಮುಗಿಸದೆ ಇನ್ನೊಬ್ಬರದನ್ನು ಯಾರು ತೆರೆಯುತ್ತಾರೆ ಎಂದು ಅಂದುಕೊಂಡಿದ್ದಳು. ಕಂಪನಿಯಲ್ಲಿ ಐದು ಜನ ಕೂತು ಪರೀಕ್ಷೆ ಮಾಡಿದಾಗ ಯಾರೂ ತೆರೆದಿರಲಿಲ್ಲ. ಹಿಡಿದು ಕೂತ ಕನೆಕ್ಷನ್ನನ್ನು ಒಂದು ನಿಮಿಷದ ಮೇಲೆ ಪೂಲೇ ಕಿತ್ತುಕೊಳ್ಳುವ ಏರ್ಪಾಡು ಮೊದಲಿಗೆ ಇತ್ತು. ತರಬೇತಿಯ ದಿನ ಹೊಳೆನರಸೀಪುರದ ಆಪರೇಟರು ಒಂದೊಂದೇ ಅಕ್ಷರ ಹುಡುಕಿ ಹೊಡೆಯುವಷ್ಟರಲ್ಲಿ ಅರ್ಜಿ ಹಾರಿಹೋಗುತ್ತಿತ್ತೆಂದು, ರೇಗಿಕೊಂಡು ಅದನ್ನು ತೆಗೆದುಹಾಕಿದವಳೂ ತಾನೇ. ಚಪ್ಪಲಿ ಬಿಟ್ಟು ಹೋದರೂ ಜಾಗ ಉಳಿಯುತ್ತದೆ, ಮನುಷ್ಯ ತನ್ನ ಕೆಲಸಕ್ಕೆ ಹೋಗಬಹುದು ಎಂಬ ಬುದ್ಧಿ ಈ ಸಾಲಿನಲ್ಲಿ ನಿಂತ ಎಲ್ಲರಿಗೂ ಇತ್ತು. ಇಂಜಿನಿಯರಿಂಗ್ ಓದಿ ಅವಳು ಬರೆದ ಪ್ರೋಗ್ರಾಮಿಗೆ ಇರಲಿಲ್ಲ. ಅದು ನಂಬರಿನ ಜೊತೆ ಕನೆಕ್ಷನ್ನನ್ನೂ ಬಿಸಿಲಲ್ಲಿ ನಿಲ್ಲಿಸುತ್ತಿತ್ತು.

"ನಾನು ಹೋಗಿ ಸರಿ ಮಾಡ್ತೀನಿ" ಎಂದಳು. ಶಾಂತಕುಮಾರಿ ಅವಳ ಕಡೆ ನೋಡಲಿಲ್ಲ.

ಸರಿ ಮಾಡುವುದು ಕಷ್ಟವಿರಲಿಲ್ಲ, ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ನಂಬರು ಕೊಟ್ಟ ಕೂಡಲೇ ಒಂದು ಪಟ್ಟಿಯಲ್ಲಿ 'ಇಂಥವರ ಹೆಸರಿಗಿದೆ' ಎಂದು ಬರೆದುಕೊಳ್ಳುವುದು, ಕನೆಕ್ಷನ್ನನ್ನು ಆ ಕ್ಷಣವೇ ಪೂಲಿಗೆ ವಾಪಸ್ಸು ಕೊಡುವುದು. ಅರ್ಜಿ ಸಂಜೆಯವರೆಗೆ ತೆರೆದಿದ್ದರೂ ಯಾರಿಗೂ ತೊಂದರೆಯಿಲ್ಲ. ಅದೇ ಮಧ್ಯಾಹ್ನ ಕೂತು ಬರೆದಳು. ಈ ಸಲ ಐದು ಜನರಿಗೂ ಇಪ್ಪತ್ತೈದು ಇಪ್ಪತ್ತೈದು ಅರ್ಜಿ ತೆರೆದು ಬಿಡಲು ಹೇಳಿ ಪರೀಕ್ಷೆ ಮಾಡಿದಳು. ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಹೊಸದನ್ನು ಹಾಕಿದಳು. ಇಡೀ ದಿನ ನಾಲ್ಕು ಊರಿನಲ್ಲೂ ಟೋಕನ್ ನೀರಿನಂತೆ ಹರಿಯಿತು. ಒಮ್ಮೆಯೂ ಆರು ಕನೆಕ್ಷನ್ನಿಗಿಂತ ಹೆಚ್ಚು ಬೇಕಾಗಲಿಲ್ಲ.

ಸಂಜೆ ರುದ್ರಯ್ಯನವರ ಫೋನು ಬಂತು. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಭೇಷ್ ಕಣಮ್ಮ. ನಿನ್ನ ಫ್ಯಾಕ್ಸು ನೋಡಿ ನಿನ್ನೆ ಸಂಜೇನೇ ಆ ಹೆಂಗಸನ್ನ ತೆಗೆದುಹಾಕ್ದೆ. ನೋಡು, ಅವಳು ಹೋದಳು, ಎಲ್ಲಾ ಸರಿಹೋಯ್ತು. ಇನ್ನು ಬೇರೆ ಸಾಕ್ಷಿ ಬೇಕಾ?"

"ಸಾರ್, ಸರಿಹೋಗಿದ್ದು ಅದಕ್ಕಲ್ಲ. ತಪ್ಪು ಪ್ರೋಗ್ರಾಮಿಂದು. ನಾನು ಇವತ್ತು ಬೆಳಿಗ್ಗೆ ಅದನ್ನ ಬದಲಾಯಿಸಿದೀನಿ. ಆಯಮ್ಮಂದು ಏನೂ ಇಲ್ಲ."

"ಅಯ್ಯೋ ಬಿಡಮ್ಮ. ಹೆಣ್ಣುಮಗಳು ಅಂತ ನಿನಗೆ ಕನಿಕರ. ಹತ್ತೊಂಬತ್ತು ಅಂತ ಕೆಂಪು ಗೆರೆ ಎಳ್ದು ಕಳ್ಸಿದೋಳು ನೀನೇ ಅಲ್ವಾ? ಉದ್ದೇಶಪೂರ್ವಕವಾಗಿ ಅಂತ ಬರ್ದೋಳು? ನಾನೇನು ಬರ್ಕೊಂಡಿಲ್ಲ ಅದನ್ನ."

ಫೋನಿಟ್ಟು ತಿರುಗಿದರೆ ಕೇದಾರ್. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. "ತಪ್ಪು ನಮ್ಮದು ಅಂತ ಯಾಕೆ ಹೇಳಕ್ಕೆ ಹೋಗ್ತೀಯಾ? ಸಂಘದವರು ಖುಷಿಯಾಗಿದಾರೆ, ರೈತರು ಖುಷಿಯಾಗಿದಾರೆ. ಅವಳೊಬ್ಬಳು ದಿನಗೂಲಿ. ನಾಳೆ ಇನ್ನೆಲ್ಲೋ ಕೆಲಸ ಸಿಗತ್ತೆ."

"ಲಂಚ ತಿಂದೋಳು ಅಂತ ಹೆಸರು ಹೊತ್ಕೊಂಡು ಎಲ್ಲಿ ಸಿಗತ್ತೆ ಸರ್? ಅದು ನಾನು ಹೊರಿಸಿರೋ ಹೆಸರು!"

"ಹಾಗಾದ್ರೆ ಮನಸ್ಸಲ್ಲೇ ಕ್ಷಮೆ ಕೇಳ್ಕೊ" ಎಂದು ಅವನು ಒಳಗೆ ಹೋದ.

ಅವಳಿಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಸೊನ್ನೆ ಹಾಕಿದಾಗಲೂ ಇಷ್ಟು ಬಂದಿರಲಿಲ್ಲ. ಯಾಕೆಂದರೆ ಈಗ ಅವನು ಹೇಳುತ್ತಿದ್ದದ್ದು, ಮಂಗಳವಾರ ಫ್ಯಾಕ್ಸ್ ಮಾಡುವಾಗ ಅವಳು ಮಾಡಿದ್ದೇ. ಕೈಗೆ ಸಿಕ್ಕವಳ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಂಡಿದ್ದಳು.

ಶುಕ್ರವಾರ ಒಂದೂವರೆಗೆ ಅವಳು ಹಾಸನದ ಸಂಘದ ಕಚೇರಿಗೆ ಹೋದಳು. ನಾಲ್ಕು ಕೌಂಟರಿಗೂ ಅದು ಊಟದ ವಿರಾಮ. ಸಾಲಿನಲ್ಲಿ ನಿಂತವರಿಗೆ ಇನ್ನೊಂದು ನಿಮಿಷವೂ ತೊಂದರೆ ಕೊಡಬಾರದೆಂದೇ ಆ ಹೊತ್ತು ಆರಿಸಿಕೊಂಡಿದ್ದಳು. ಕೌಂಟರುಗಳು ಮುಚ್ಚಿದ ಕೂಡಲೇ ಹೊಸ ಪ್ರೋಗ್ರಾಮನ್ನು ತೆಗೆದು ಹಳೆಯದನ್ನೇ ಮತ್ತೆ ಹಾಕಿ ಬಂದಿದ್ದಳು. ರುದ್ರಯ್ಯ ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು.

"ಸಾರ್, ಹತ್ತು ನಿಮಿಷ. ನೀವೇ ಈ ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ."

"ಊಟ ಮಾಡ್ತಿದೀನಮ್ಮ."

"ಆಯಮ್ಮನ ಊಟ ಹೋಗಿದೆ ಸಾರ್. ಕೂತ್ಕೊಳ್ಳಿ."

ಅವಳ ಮುಖ ನೋಡಿ ಅವರು ಕೈ ತೊಳೆದು ಬಂದು ಕೂತರು. ಒಂದು ಹೆಸರು ಹೊಡೆಯಿರಿ, ನಂಬರು ಬಂದ ಮೇಲೆ ಹಾಗೇ ಬಿಟ್ಟು ಇನ್ನೊಂದು ತೆರೆಯಿರಿ ಎಂದಳು. ಅವರು ಒಂದೇ ಬೆರಳಲ್ಲಿ ತಮ್ಮ ಹೆಸರು ಹೊಡೆದರು. ಆಮೇಲೆ ಹೆಂಡತಿಯದು, ಮಕ್ಕಳದು, ಬೀಗರದು, ಮನೆದೇವರದು. ಇಪ್ಪತ್ತು ಮುಗಿದು ಇಪ್ಪತ್ತೊಂದನೆಯದಕ್ಕೆ ಪರದೆ ಬೆಳ್ಳಗೆ ನಿಂತುಬಿಟ್ಟಿತು. ಹಂಸ ಫೋನ್ ತೆಗೆದು ಚನ್ನರಾಯಪಟ್ಟಣದ ಆಪರೇಟರ್ ಮೋಹನ್‌ಕುಮಾರನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರು ಒತ್ತಿದಳು.

"ಒಂದು ಟೋಕನ್ ತೆಗೀರಿ ಮೋಹನ್."

"ಊಟದ್ ಟೈಮಲ್ಲಾ ಮೇಡಂ? ತಡೀರಿ... ಅಯ್ಯೋ, ಮತ್ತೆ ನಿಂತೋಗದೆ ಕಣ್ ಮೇಡಂ! ಸೋಮವಾರದ್ ತರಾನೇ!"

ಹಂಸ ರುದ್ರಯ್ಯನವರ ಕಡೆ ತಿರುಗಿದಳು. "ಈಗ ಹೇಳಿ ಸಾರ್. ಎಷ್ಟು ಜನದ ಹತ್ರ ತಗೊಂಡಿದೀರಾ? ಒಂದೊಂದು ನಂಬರಿಗೆ ಎಷ್ಟು?"

ಕೋಣೆಯಲ್ಲಿದ್ದ ಗುಮಾಸ್ತರು ಊಟ ಬಿಟ್ಟು ಇತ್ತ ತಿರುಗಿದರು. ರುದ್ರಯ್ಯನವರ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಅದೇ ಮಾತನ್ನು ಎರಡು ದಿನದ ಹಿಂದೆ ಇನ್ನೊಂದು ಮುಖದ ಮುಂದೆ ಆಡಿದ್ದು ಹಂಸಳಿಗೆ ನೆನಪಾಯಿತು. ಆದರೂ ಬಿಡಲಿಲ್ಲ. ತಪ್ಪು ಪ್ರೋಗ್ರಾಮಿನದು, ಬರೆದವಳು ನಾನು ಎಂದು ಹೊಸ ಪತ್ರ ಬರೆದು, ಸಹಿ ಹಾಕಿ ತಂದಿದ್ದಳು. ಅವರ ಮುಂದಿಟ್ಟಳು. ಆಯಮ್ಮ ವಾಪಸ್ಸು ಬರುವ ಆದೇಶಕ್ಕೆ ಸಹಿಯಾಗುವವರೆಗೂ ಅಲ್ಲಿಂದ ಅಲ್ಲಾಡುವುದಿಲ್ಲ ಎಂದಳು. ಎರಡು ಗಂಟೆ ಐದು ನಿಮಿಷಕ್ಕೆ ಸಹಿಯಾಯಿತು. ಎರಡೂಕಾಲಿಗೆ ಕೌಂಟರುಗಳು ತೆರೆಯುವ ಹೊತ್ತಿಗೆ ಅಲ್ಲಿಂದಲೇ ಹೊಸ ಪ್ರೋಗ್ರಾಮನ್ನು ಮತ್ತೆ ಹಾಕಿದ್ದಳು.

ಸುದ್ದಿ ಅವಳಿಗಿಂತ ಮುಂಚೆ ಸಾಲಗಾಮೆ ರಸ್ತೆ ತಲುಪಿತ್ತು. ಕೇದಾರ್ ಮೊದಲ ಸಲ ದನಿ ಎತ್ತಿದ. "ಕಂಪನಿ ಮಾನ ಕಳ್ದೆ! ಸೋಮವಾರದಿಂದ ಬರ್ಬೇಡ!"

"ನಾಳೇನೂ ಬರಲ್ಲ ಸರ್. ಅರಕಲಗೂಡಲ್ಲಿ ಕೆಲಸ ಇದೆ" ಎಂದು ಚೀಲ ಹೆಗಲಿಗೇರಿಸಿಕೊಂಡಳು.

ಶನಿವಾರ ಹತ್ತು ಗಂಟೆಗೆ ಅವಳು ಅದೇ ಜಗಲಿ ಹತ್ತಿದಳು. ಸಾಲು ಅಷ್ಟೇ ಉದ್ದ. ಚಪ್ಪಲಿಗಳೂ ಇದ್ದವು. ಶಾಂತಕುಮಾರಿ ಕಟಕಟೆಯ ಹಿಂದೆ ಕೂತು ಯಾರೊಡನೆಯೂ ಮಾತಾಡದೆ ಕುಟ್ಟುತ್ತಿದ್ದಳು. ಟೋಕನ್ ತೆಗೆದುಕೊಳ್ಳುತ್ತಿದ್ದ ಒಬ್ಬ, ಹಲ್ಲು ಕಿರಿಯುತ್ತಾ, "ಎಂಗೋ ಮೇಲಿನೋರ್ನ ಸರಿ ಮಾಡ್ಕಂಡ್ ಬಂದ್ಬುಟ್ಟೆ ಅನ್ನು" ಎಂದ. ಅವಳು ಮುಂದಿನ ಪಹಣಿಗೆ ಕೈ ಚಾಚಿದಳು.

ಹಂಸ ಒಳಗೆ ಹೋಗಿ ಅವಳ ಪಕ್ಕ ಬಗ್ಗಿದಳು. ರಾತ್ರಿಯೆಲ್ಲ ಯೋಚಿಸಿದ್ದ ಮಾತುಗಳು.

"ನನ್ನದು ತಪ್ಪಾಯ್ತು ಶಾಂತಕ್ಕ. ನಿಮ್ಮದು ಏನೂ ಇರ್ಲಿಲ್ಲ. ನಾನು ಹಾಗೆ ಅನ್ನಬಾರದಿತ್ತು. ಆ ಫ್ಯಾಕ್ಸ್ ಮಾಡಿದ್ದೂ ನಾನೇ. ರುದ್ರಯ್ಯನವರಿಗೆ ಎಲ್ಲಾ ಬರ್ದು ಕೊಟ್ಟಿದೀನಿ."

ಶಾಂತಕುಮಾರಿ ಕುಟ್ಟುವುದನ್ನು ನಿಲ್ಲಿಸಿದಳು. ಕನ್ನಡಕ ತೆಗೆದು ಅವಳ ಕಡೆ ತಿರುಗಿದಳು. ಅಳು ಇರಲಿಲ್ಲ. ಬುಧವಾರದಿಂದ ಕೂಡಿಟ್ಟ ಸಿಟ್ಟು ಇತ್ತು.

"ಮೂರ್ ದಿಸ ನನ್ ಮಗಳು ಮನೆಯಿಂದಾಚ್ಗೆ ಓಗಿಲ್ಲ. ನಿಮ್ಮವ್ವ ಎಷ್ಟ್ ಗಂಟ್ ಮಾಡವ್ಳೆ ಅಂತ ಕೇಳ್ತಾರಂತೆ. ಅಂಗಡೀಗ್ ಓದ್ರೆ ಅದೇಯ. ಅವತ್ತು ಬಸ್‌ಸ್ಟ್ಯಾಂಡಿಗ್ ಕೇಳಂಗ್ ಕೂಗ್ದೆ. ಇವತ್ತು ನನ್ ಕಿವೀಲಿ ಯೋಳ್ತಿದೀಯಲ್ಲ?"

ಅಷ್ಟು ಹೇಳಿ ಕನ್ನಡಕ ಹಾಕಿಕೊಂಡು, "ಮುಂದಿನೋರು ಬನ್ನಿ" ಎಂದಳು.

ಹಂಸಳ ಮುಖಕ್ಕೆ ರಕ್ತ ನುಗ್ಗಿತು. ಆಮೇಲೆ ಕಟಕಟೆ ದಾಟಿ ಜಗಲಿಯ ಅಂಚಿಗೆ ಬಂದಳು. ಎದುರಿಗೆ ನೂರು ಜನ, ಅವರ ಹಿಂದೆ ಹೂವಿನವಳು, ಅವಳ ಹಿಂದೆ ನಿಂತ ಬಸ್ಸುಗಳು. ಅವರಲ್ಲಿ ಎಷ್ಟೋ ಜನ ಬುಧವಾರವೂ ಇದ್ದವರು. ನೋಡುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬೈಯುವಾಗ ಯಾವತ್ತೂ ಕೈಕೊಡದಿದ್ದ ದನಿ ಈಗ ಸಣ್ಣದಾಗಿ ಹೊರಟಿತು.

"ಕೇಳಿ... ಬುಧವಾರ ನಾನು ಇಲ್ಲಿ ಶಾಂತಕುಮಾರಿಯವರಿಗೆ ಅಂದದ್ದು ಸುಳ್ಳು. ಅವರು ಯಾರ ಹತ್ರಾನೂ ಒಂದು ಪೈಸೆ ಮುಟ್ಟಿಲ್ಲ. ತಪ್ಪು ನಂದು."

"ಇಂದ್ಗಡೆಯೋರ್ಗೆ ಕೇಳ್ನಿಲ್ಲ ಕಣವ್ವ" ಎಂದು ಸಾಲಿನ ಕೊನೆಯಿಂದ ಯಾರೋ ಕೂಗಿದರು. "ಗಟ್ಯಾಗ್ ಯೋಳು."

ಹಂಸ ಉಸಿರು ಎಳೆದುಕೊಂಡು, ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ, ಮೊದಲಿನಿಂದ ಹೇಳಿದಳು.